ಸಕಲೇಶಪುರದ ಸುತ್ತಮುತ್ತ ಕೈಗೆಟುಕುವ ಊಟ: 14 ತಿಂಗಳ ಲೆಕ್ಕ

ಸಹಕಾರ ಸಂಘಗಳ ಲೆಕ್ಕಪರಿಶೋಧನೆಯ ಕೆಲಸದ ಮೇಲೆ ನಾನು ಹಾಸನದಿಂದ ಸಕಲೇಶಪುರಕ್ಕೆ ಬಂದು 14 ತಿಂಗಳಾಯಿತು. ಮನೆ, ಸಂಸಾರ ಹಾಸನದಲ್ಲೇ ಇವೆ. ನಡುವೆ ಇರುವುದು ಸುಮಾರು 40 ಕಿಲೋಮೀಟರ್ ದಾರಿಯಾದರೂ, ಹೆತ್ತೂರು, ಯಸಳೂರು, ಹಾನುಬಾಳು, ಬೆಳಗೋಡು ಎಂದು ಹೋಬಳಿಯಿಂದ ಹೋಬಳಿಗೆ ತಿರುಗಿ ಕತ್ತಲಾದ ಮೇಲೆ ಪಟ್ಟಣಕ್ಕೆ ಮರಳುವವನಿಗೆ, ಅದರಲ್ಲೂ ಮಳೆಗಾಲದಲ್ಲಿ, ದಿನವೂ ಮನೆಗೆ ಹೋಗಿಬರುವುದು ಆಗದ ಮಾತು. ಬಾಡಿಗೆಗೆ ಸಿಕ್ಕಿದ ಕೋಣೆಯಲ್ಲಿ ಒಲೆ ಹಚ್ಚುವುದಕ್ಕೆ ಮನೆ ಮಾಲೀಕರ ಒಪ್ಪಿಗೆಯಿಲ್ಲ. ಹೀಗಾಗಿ ಸೋಮವಾರ ಬೆಳಗಿನ ತಿಂಡಿಯಿಂದ ಶನಿವಾರ ಮಧ್ಯಾಹ್ನದ ಊಟದವರೆಗೆ ನನ್ನ ಹೊಟ್ಟೆ ಹೋಟೆಲುಗಳ ಪಾಲಾಗಿದೆ. ದಿನಕ್ಕೆ 250 ರೂಪಾಯಿಯೊಳಗೆ ಮೂರು ಹೊತ್ತು ತಿನ್ನಬೇಕು, ತಿಂದದ್ದು ದಕ್ಕಬೇಕು ಎಂಬುದು ನಾನೇ ಹಾಕಿಕೊಂಡ ಕಟ್ಟು.

ವೃತ್ತಿಯ ಚಾಳಿಯಿಂದ ಪ್ರತಿಯೊಂದು ಬಿಲ್ಲನ್ನೂ ಎತ್ತಿಟ್ಟುಕೊಂಡು ಒಂದು ಪುಸ್ತಕಕ್ಕೆ ಇಳಿಸಿದ್ದೇನೆ. ಪಕ್ಕದಲ್ಲಿ ಎರಡು ಮಾತು ಷರಾ ಬರೆದಿದ್ದೇನೆ. ಈ ಬರಹ ಆ ಷರಾಗಳ ವಿಸ್ತರಣೆ. ಹೋಟೆಲುಗಳ ಹೆಸರು ಹೇಳುವುದಿಲ್ಲ. ಇದೇ ಊರಿನಲ್ಲಿ ಲೆಕ್ಕ ತನಿಖೆ ಮಾಡುವವನು ಹೆಸರು ಹಿಡಿದು ಹೊಗಳಿದರೂ ಆಕ್ಷೇಪ, ತೆಗಳಿದರೂ ಆಕ್ಷೇಪ. ಊರು ಚಿಕ್ಕದು, ಗುರುತು ಹೇಳಿ ವಿಚಾರಿಸಿದರೆ ಯಾರಾದರೂ ಕೈ ತೋರಿಸಿ ಕಳಿಸುತ್ತಾರೆ.

ಮೊದಲ ತಿಂಗಳು ನಾನು ಮಾಡಿದ ತಪ್ಪು, ಫೋನಿನ ನಕ್ಷೆಯಲ್ಲಿ ಬರುವ ನಕ್ಷತ್ರಗಳನ್ನು ನಂಬಿದ್ದು. ಬೆಂಗಳೂರು–ಮಂಗಳೂರು ರಾಷ್ಟ್ರೀಯ ಹೆದ್ದಾರಿ 75 ಈ ತಾಲ್ಲೂಕನ್ನು ಹಾಯ್ದು ಶಿರಾಡಿ ಘಾಟಿಗೆ ಇಳಿಯುತ್ತದೆ. ಬೆಂಗಳೂರಿನಿಂದ ನಸುಕಿನಲ್ಲಿ ಹೊರಟ ಕಾರು ಸುಮಾರು 220 ಕಿಲೋಮೀಟರ್ ಓಡಿ ಇಲ್ಲಿಗೆ ಮುಟ್ಟುವ ಹೊತ್ತಿಗೆ ಒಳಗಿದ್ದವರಿಗೆಲ್ಲ ಹಸಿವಾಗಿರುತ್ತದೆ. ಆ ಹಸಿವನ್ನು ನಂಬಿಕೊಂಡು ಹೆದ್ದಾರಿಯ ಎರಡೂ ಬದಿ ದೊಡ್ಡ ದೊಡ್ಡ ಹೋಟೆಲುಗಳು ಎದ್ದಿವೆ. ಅವುಗಳಿಗೆ ಸಿಕ್ಕಿರುವ ನಕ್ಷತ್ರಗಳ ಕೆಳಗೆ ಬರೆದಿರುವುದನ್ನು ಓದಿ ನೋಡಿದರೆ, ಮೆಚ್ಚಿದ್ದು ಬಾಲ್ಕನಿಯನ್ನು, ಕಣಿವೆಯ ಮಂಜನ್ನು, ಕಾರು ನಿಲ್ಲಿಸುವ ಜಾಗವನ್ನು, ಚೊಕ್ಕಟವಾದ ಶೌಚಾಲಯವನ್ನು. ಸಾಂಬಾರಿನ ಪ್ರಸ್ತಾಪ ಅಪರೂಪ. ದಾರಿಹೋಕರಿಗೆ ಶೌಚಾಲಯ ಸಣ್ಣ ವಿಷಯವಲ್ಲ ಎಂದು ನಾನೂ ಒಪ್ಪುತ್ತೇನೆ. ಆದರೆ ಮಂಜಿಗೆ ಕೊಟ್ಟ ಅಂಕವನ್ನು ಮಸಾಲೆ ದೋಸೆಯ ಖಾತೆಗೆ ಜಮಾ ಮಾಡುವುದು ಲೆಕ್ಕದಲ್ಲಿ ಸರಿಯಲ್ಲ. ಅಂಥ ಒಂದು ಕಡೆ ಮಸಾಲೆ ದೋಸೆಗೆ 140 ರೂಪಾಯಿ ಕೊಟ್ಟೆ. ಅಂಚು ಗರಿಗರಿಯಾಗಿತ್ತು, ನಡುವೆ ಹಿಟ್ಟು ಹಸಿಯಾಗಿತ್ತು, ಚಟ್ನಿಯಲ್ಲಿ ತೆಂಗಿಗಿಂತ ಹುರಿಗಡಲೆ ಹೆಚ್ಚಾಗಿತ್ತು.

ಇನ್ನೊಂದು ಕಡೆಯ ಬಿಲ್ಲನ್ನು ಇಲ್ಲಿ ಬಿಡಿಸಿ ಹೇಳಬೇಕು, ಏಕೆಂದರೆ ಅದು ಹೆದ್ದಾರಿಯಲ್ಲಿ ಯಾರಿಗೂ ಎದುರಾಗಬಹುದು. ಊಟದ ಮೊತ್ತದ ಮೇಲೆ ಶೇಕಡಾ 5 ಜಿಎಸ್‌ಟಿ, ಅದರ ಮೇಲೆ ಶೇಕಡಾ 10 ಸರ್ವಿಸ್ ಚಾರ್ಜ್ ಎಂದು ಹಾಕಿದ್ದರು. ಬಿಲ್ಲಿನ ಮೇಲೆ ಜಿಎಸ್‌ಟಿ ನೋಂದಣಿ ಸಂಖ್ಯೆ ಮಾತ್ರ ಎಲ್ಲೂ ಇರಲಿಲ್ಲ. ವರ್ಷದ ವಹಿವಾಟು 20 ಲಕ್ಷ ರೂಪಾಯಿ ಮೀರದ ಹೋಟೆಲಿಗೆ ನೋಂದಣಿಯ ಕಡ್ಡಾಯವಿಲ್ಲ, ನೋಂದಣಿಯಿಲ್ಲದವರು ತೆರಿಗೆ ವಸೂಲಿ ಮಾಡುವಂತಿಲ್ಲ. ನೋಂದಣಿ ಮಾಡಿಸಿ, ಸಣ್ಣ ವ್ಯಾಪಾರಿಗಳಿಗೆಂದು ಇರುವ ಕಾಂಪೊಸಿಷನ್ ಪದ್ಧತಿಯನ್ನು ಆರಿಸಿಕೊಂಡವರು ತಮ್ಮ ವಹಿವಾಟಿನಿಂದಲೇ ತೆರಿಗೆ ಕಟ್ಟಬೇಕೇ ಹೊರತು ಗಿರಾಕಿಯಿಂದ ಪ್ರತ್ಯೇಕವಾಗಿ ಕೇಳುವಂತಿಲ್ಲ, ಹಾಗೆಂದು ಬಿಲ್ಲಿನ ಮೇಲೆಯೇ ಮುದ್ರಿಸಿರಬೇಕು. ಸರ್ವಿಸ್ ಚಾರ್ಜನ್ನು ತಾನಾಗಿ ಬಿಲ್ಲಿಗೆ ಸೇರಿಸಬಾರದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರಲ್ಲೇ ಹೇಳಿದೆ, 2025ರಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿದಿದೆ. ಗಲ್ಲಾದಲ್ಲಿದ್ದ ಹುಡುಗನಿಗೆ ಇಷ್ಟನ್ನು ಮೆಲ್ಲಗೆ ಹೇಳಿದೆ. ಸರ್ವಿಸ್ ಚಾರ್ಜ್ ತಕ್ಷಣ ಹೋಯಿತು, ತೆರಿಗೆ ಹೋಗುವುದಕ್ಕೆ ಒಳಗಿನಿಂದ ಇನ್ನೊಬ್ಬರು ಬರಬೇಕಾಯಿತು. ಪಾಪ, ಹುಡುಗನದೇನೂ ತಪ್ಪಿರಲಿಲ್ಲ. ಪಾಠ ನನಗೇ ಆಯಿತು: ಊರಿನವರು ತಿನ್ನುವ ಕಡೆ ತಿನ್ನಬೇಕು.

ಊರಿನವರು ಬೆಳಿಗ್ಗೆ ತಿನ್ನುವುದು ಪಟ್ಟಣದೊಳಗಿನ ಬಿ.ಎಂ. (ಬೆಂಗಳೂರು–ಮಂಗಳೂರು) ರಸ್ತೆಯಲ್ಲಿ, ಬಸ್ ನಿಲ್ದಾಣದಿಂದ ನಡೆದು ಹೋಗುವಷ್ಟು ದೂರದಲ್ಲಿರುವ ಹಳೆಯ ಹೋಟೆಲಿನಲ್ಲಿ. ಕಲ್ಲಿನ ಮೇಜುಗಳು, ಹೊಗೆ ಹಿಡಿದು ಬಣ್ಣಗೆಟ್ಟ ದೇವರ ಪಟ, ಗೋಡೆಯ ಮೇಲೆ ಕೈಬರಹದ ದರಪಟ್ಟಿ. ಎರಡು ಇಡ್ಲಿ, ಒಂದು ವಡೆಗೆ 50 ರೂಪಾಯಿ, ಮಸಾಲೆ ದೋಸೆಗೆ 65. ಇಲ್ಲಿ ರುಚಿ ಗಡಿಯಾರ ನೋಡಿಕೊಂಡು ಬದಲಾಗುತ್ತದೆ. ಏಳೂವರೆಯ ಇಡ್ಲಿ ಬೆರಳಿಟ್ಟರೆ ಒಳಕ್ಕೆ ಹೋಗಿ ಮತ್ತೆ ಮೇಲೇಳುತ್ತದೆ. ಹತ್ತು ಗಂಟೆಯ ಇಡ್ಲಿ ಬೆರಳಿಗೆ ಉತ್ತರವನ್ನೇ ಕೊಡುವುದಿಲ್ಲ. ದೋಸೆಯ ವಿಷಯ ಉಲ್ಟಾ. ಕಾವಲಿಗೆ ಹದ ಬರುವುದು ಎಂಟೂವರೆಯ ಮೇಲೆ, ಅದಕ್ಕೂ ಮುಂಚೆ ಬರುವ ಮೊದಲ ಹತ್ತು ದೋಸೆಗಳನ್ನು ಘಾಟಿಗೆ ಆತುರದಲ್ಲಿ ಹೊರಟ ಲಾರಿಯವರಿಗೆ ಬಿಟ್ಟುಕೊಡುವುದು ಒಳ್ಳೆಯದು. ಪಲ್ಯದ ಬಗ್ಗೆ ಹಾಸನದವನಾಗಿ ಒಂದು ಮಾತು ಹೇಳದಿರಲಾರೆ. ನಮ್ಮ ಜಿಲ್ಲೆಯ ಆಲೂಗಡ್ಡೆ ಮುಂಗಾರಿನ ಬೆಳೆ, ಬಿತ್ತನೆ ಗಡ್ಡೆ ಪಂಜಾಬಿನ ಜಲಂಧರ್ ಕಡೆಯಿಂದ ಬರುತ್ತದೆ, ಹೊಸ ಗಡ್ಡೆ ಮಾರುಕಟ್ಟೆಗೆ ಬರುವುದು ಆಗಸ್ಟ್ ಹೊತ್ತಿಗೆ. ಸಿಪ್ಪೆ ತೆಳ್ಳಗಿರುವ ಆ ಹೊಸ ಗಡ್ಡೆಯ ಪಲ್ಯ ಸೆಪ್ಟೆಂಬರಿನಲ್ಲಿ ಈ ಹೋಟೆಲಿನ ದೋಸೆಯೊಳಗೆ ಬಿದ್ದಾಗ, ಉಳಿದ ತಿಂಗಳುಗಳಲ್ಲಿ ತಿಂದದ್ದು ಬರೀ ಅಭ್ಯಾಸಕ್ಕೆ ಎನ್ನಿಸುತ್ತದೆ.

ಮಧ್ಯಾಹ್ನಕ್ಕೆ ನನ್ನ ಆಯ್ಕೆ ತಾಲ್ಲೂಕು ಕಚೇರಿಯ ಹಿಂದಿನ ಓಣಿಯ ಮೆಸ್ಸು. ಐದು ಬೆಂಚು, ಒಂದು ಕೈತೊಳೆಯುವ ನಲ್ಲಿ, ಬಾಗಿಲಲ್ಲಿ ಯಾವಾಗಲೂ ಮೂರು ಜನ ಕಾಯುವವರು. ಅನ್ನ, ತಿಳಿಸಾರು, ಹುಳಿ, ಒಂದು ಪಲ್ಯ, ಹಪ್ಪಳ, ಮಜ್ಜಿಗೆ ಸೇರಿ 80 ರೂಪಾಯಿ. ಅನ್ನಕ್ಕೂ ಸಾರಿಗೂ ಮಿತಿಯಿಲ್ಲ, ಪಲ್ಯವನ್ನು ಎರಡನೆಯ ಸಲ ಕೇಳಿದರೆ ಹಾಕುತ್ತಾರೆ, ಮೂರನೆಯ ಸಲ ಕೇಳುವ ಧೈರ್ಯ ನನಗೆ ಇನ್ನೂ ಬಂದಿಲ್ಲ. ಮಂಗಳವಾರ ಮತ್ತು ಶುಕ್ರವಾರ ಮುದ್ದೆ, ಜೊತೆಗೆ ಬಸ್ಸಾರು ಅಥವಾ ಹುರುಳಿಕಾಳಿನ ಸಾರು. ಈ ಮುದ್ದೆ ಇಲ್ಲಿ ಒಂದು ರೀತಿಯಲ್ಲಿ ಹೊರಗಿನದು. ಜಿಲ್ಲೆಯ ಪೂರ್ವದ ಅರಸೀಕೆರೆ, ಚನ್ನರಾಯಪಟ್ಟಣದ ಕಡೆ ರಾಗಿ ಮತ್ತು ತೆಂಗು. ಪಶ್ಚಿಮಕ್ಕೆ ಬಂದಂತೆ ಆಲೂರು ದಾಟುವಾಗ ಗದ್ದೆ, ಕಾಫಿ ತೋಟ ಮೊದಲಾಗಿ, ತಟ್ಟೆಯಲ್ಲಿ ಮುದ್ದೆಯ ಜಾಗಕ್ಕೆ ಕಡುಬು, ಅಕ್ಕಿ ರೊಟ್ಟಿ ಬರುತ್ತವೆ. ಆದರೆ ಕಚೇರಿಗಳಲ್ಲಿ ಕೂತವರಲ್ಲಿ ಅರ್ಧ ಜನ ನನ್ನ ಹಾಗೆ ಬಯಲು ಸೀಮೆಯಿಂದ ವರ್ಗವಾಗಿ ಬಂದವರು, ಮುದ್ದೆ ಅವರ ಬೆನ್ನು ಹತ್ತಿ ಬಂದಿದೆ. ಮೆಸ್ಸಿನ ದೋಷಗಳನ್ನೂ ಹೇಳಬೇಕು. ಎರಡು ಗಂಟೆಯ ಮೇಲೆ ಹೋದರೆ ಹುಳಿಗೆ ನೀರು ಬಿದ್ದಿರುತ್ತದೆ, ಹಪ್ಪಳ ಮೆತ್ತಗಾಗಿರುತ್ತದೆ. ಹಪ್ಪಳ ಕರಿಯುವ ಎಣ್ಣೆಯ ಬಣ್ಣ ಶನಿವಾರದ ಹೊತ್ತಿಗೆ ನನಗೆ ಹಿಡಿಸುವುದಿಲ್ಲ, ಅಂದು ನಾನು ಹಪ್ಪಳವನ್ನು ಬೇಡವೆನ್ನುತ್ತೇನೆ.

ಇಲ್ಲಿಗೆ ತಿಂಡಿಯ ಮತ್ತು ಊಟದ ಚಿಂತೆ ತೀರಿತ್ತು. ಆದರೆ ಆರು ತಿಂಗಳ ಪುಸ್ತಕವನ್ನು ತಿರುವಿ ಹಾಕಿದಾಗ ಒಂದು ಕೊರತೆ ಎದ್ದು ಕಂಡಿತು. ಮಲೆನಾಡಿನಲ್ಲಿ ಇಷ್ಟು ದಿನ ಇದ್ದೂ ನಾನು ತಿಂದದ್ದೆಲ್ಲ ಉಡುಪಿಯ ಕಡೆಯ ತಿಂಡಿ, ಬಯಲು ಸೀಮೆಯ ಮುದ್ದೆ, ರಾತ್ರಿ ತಡವಾದರೆ ತಳ್ಳುಗಾಡಿಯ ಎಗ್ ರೈಸ್. ಕಡುಬು, ಕಳಲೆ, ಕೆಸುವಿನ ಸೊಪ್ಪು, ಕಾಳುಮೆಣಸು ಹಾಕಿದ ನಾಟಿ ಕೋಳಿ ಸಾರು ಯಾವುದೂ ಪುಸ್ತಕದಲ್ಲಿರಲಿಲ್ಲ. ಹೋಟೆಲಿನವರನ್ನು ವಿಚಾರಿಸಿದಾಗ ಕಾರಣ ಮೆಲ್ಲಗೆ ಬಿಚ್ಚಿಕೊಂಡಿತು. ದೋಸೆಹಿಟ್ಟನ್ನು ರಾತ್ರಿ ರುಬ್ಬಿಟ್ಟರೆ ಮರುದಿನವೆಲ್ಲ ಹುಯ್ಯಬಹುದು, ಹುಯ್ಯುವುದಕ್ಕೆ ಒಬ್ಬ ಸಾಕು. ಕಡುಬಿಗೆ ಆ ಸೌಕರ್ಯವಿಲ್ಲ. ಅಕ್ಕಿ ತರಿಯನ್ನು ಉಪ್ಪು ಹಾಕಿದ ಕುದಿನೀರಿಗೆ ಸುರಿದು, ಕೋಲಿನಲ್ಲಿ ತೊಳಸಿ, ಬಿಸಿಯಿರುವಾಗಲೇ ಕೈಗೆ ನೀರು ಮುಟ್ಟಿಸಿಕೊಂಡು ಉಂಡೆ ಕಟ್ಟಿ, ಹಬೆಯಲ್ಲಿ ಬೇಯಿಸಬೇಕು. ಇಳಿಸಿದ ಅರ್ಧ ಗಂಟೆಯಲ್ಲಿ ತಿನ್ನದಿದ್ದರೆ ಗಟ್ಟಿಯಾಗುತ್ತದೆ, ಸಂಜೆಗೆ ಉಳಿದದ್ದನ್ನು ಮಾರಲಾಗದು. ಅಕ್ಕಿ ರೊಟ್ಟಿಯನ್ನು ಒಂದೊಂದಾಗಿ ತಟ್ಟಬೇಕು. ಕಳಲೆಯಂತೂ ಮಳೆಗಾಲದ ಆರಂಭದಲ್ಲಿ ಮಾತ್ರ ಏಳುವ ಎಳೆ ಬಿದಿರಿನ ಮೊಳಕೆ. ಅದನ್ನು ಸಣ್ಣಗೆ ಹೆಚ್ಚಿ, ನಂಜು ಹೋಗುವಂತೆ ದಿನವೂ ನೀರು ಬದಲಾಯಿಸುತ್ತ ಎರಡು ಮೂರು ದಿನ ನೆನೆಹಾಕಿದ ಮೇಲಷ್ಟೇ ಪಲ್ಯಕ್ಕೆ ಬಳಸಬಹುದು. 80 ರೂಪಾಯಿಯ ಊಟ ಬಡಿಸುವವರು ಇಷ್ಟು ಕೂಲಿ ಎಲ್ಲಿಂದ ತರಬೇಕು?

ಹೀಗೆ ಹೋಟೆಲಿನಿಂದ ಹೊರಬಿದ್ದ ಅಡುಗೆ ಹೋಂಸ್ಟೇಗಳನ್ನು ಸೇರಿಕೊಂಡಿದೆ. ಅಲ್ಲಿ ಅದು ಚೆನ್ನಾಗಿಯೇ ಇದೆ, ಅನುಮಾನವಿಲ್ಲ. ಮನೆಯವರು ತಂಗಿದ್ದ ಒಂದು ಭಾನುವಾರ ತೋಟದ ನಡುವಿನ ಹೋಂಸ್ಟೇ ಒಂದರಲ್ಲಿ ಉಂಡ ಕೆಸುವಿನ ಸೊಪ್ಪಿನ ಗೊಜ್ಜನ್ನು ನನ್ನ ಹೆಂಡತಿ ಇಂದಿಗೂ ನೆನೆಯುತ್ತಾಳೆ. ಆದರೆ ತಲೆಗೆ 2,500 ರೂಪಾಯಿಯಲ್ಲಿ ಹಾಸಿಗೆ, ಶಿಬಿರಾಗ್ನಿ, ಜೀಪಿನ ಸವಾರಿ ಎಲ್ಲವನ್ನೂ ಕಟ್ಟಿ ಕೊಡುತ್ತಾರೆ. ಬರೀ ಊಟಕ್ಕೆ ಬರುತ್ತೇನೆಂದರೆ ಬಹುಪಾಲು ಕಡೆ ಬಾಗಿಲಿಲ್ಲ. ಹಿಂದಿನ ದಿನ ಹೇಳಿದರೆ ಮಧ್ಯಾಹ್ನದ ಊಟ ಮಾತ್ರ ಕೊಡುವ ಒಂದು ಮನೆ ಸಿಕ್ಕಿತು, ದರ 450. ವರ್ಷಕ್ಕೊಮ್ಮೆಗೆ ಅಡ್ಡಿಯಿಲ್ಲ, ವಾರಕ್ಕೊಮ್ಮೆಗೆ ಆಗದು.

ಕೊನೆಗೆ ಕಡುಬು ಸಿಕ್ಕಿದ್ದು ಪಟ್ಟಣದಲ್ಲಲ್ಲ, ಕೆಲಸದ ಮೇಲೆ ಹೋದ ಒಂದು ಹೋಬಳಿ ಕೇಂದ್ರದಲ್ಲಿ. ಜುಲೈ ತಿಂಗಳು, ಮೂರು ದಿನದಿಂದ ಬಿಡದ ಮಳೆ, ಕರೆಂಟಿಲ್ಲ. ಸಂಘದ ಕಾರ್ಯದರ್ಶಿ, "ಸಾರ್, ಊಟಕ್ಕೆ ಅಂತ ಪೇಟೆಗೆ ಹೋಗೋದು ಬೇಡ, ಇಲ್ಲೇ ನಮ್ಮ ಅಕ್ಕಾರ ಹತ್ರ ಕಡುಬು ಸಿಗುತ್ತೆ, ಬನ್ನಿ" ಎಂದು ಕರೆದುಕೊಂಡು ಹೋದರು. ರಸ್ತೆಯಿಂದ ನೋಡಿದರೆ ಹೋಟೆಲೆಂದು ತಿಳಿಯುವುದಿಲ್ಲ. ಮನೆಗೆ ತಾಗಿಕೊಂಡಂತೆ ತಗಡಿನ ಮಾಡು, ಅದರ ಕೆಳಗೆ ಎರಡು ಉದ್ದನೆಯ ಮೇಜು, ಮೂಲೆಯಲ್ಲಿ ಸೌದೆ ಒಲೆ. ಒಲೆಗೆ ತೋಟದಲ್ಲಿ ಗಿಡ ಸವರಿದಾಗ ಉಳಿದ ಕಾಫಿ ಕಟ್ಟಿಗೆ. ಅದು ನಿಧಾನವಾಗಿ ಉರಿದು ಕೆಂಡ ಬಹಳ ಹೊತ್ತು ನಿಲ್ಲುತ್ತದೆ ಎಂದು ಆ ಅಕ್ಕನೇ ಹೇಳಿದರು. ತಟ್ಟೆಗೆ ನಾಲ್ಕು ಕಡುಬು ಬಿದ್ದವು, ಪ್ರತಿಯೊಂದರ ಮೇಲೂ ಹೆಬ್ಬೆರಳು ಒತ್ತಿದ ಗುರುತು. ಮುರಿದರೆ ಒಳಗೆ ತರಿ ಬೇರೆ ಬೇರೆಯಾಗಿ ಕಾಣುತ್ತಿತ್ತು, ಆದರೆ ಉದುರುತ್ತಿರಲಿಲ್ಲ. ಆ ಹದ ಕಲಿಯುವುದಕ್ಕೆ ನನ್ನ ತಾಯಿ ಒಮ್ಮೆ ಪ್ರಯತ್ನಿಸಿ ಕೈಬಿಟ್ಟಿದ್ದನ್ನು ನಾನು ಬಲ್ಲೆ.

ಸಾರು ನಾಟಿ ಕೋಳಿಯದು. ಬಯಲು ಸೀಮೆಯ ಸಾರಿನಂತೆ ಕೆಂಪಗಿಲ್ಲ, ಹಸಿರು ಬೆರೆತ ಕಂದು ಬಣ್ಣ. ಖಾರ ಮೊದಲು ನಾಲಗೆಗೆ ತಾಗುವುದಿಲ್ಲ, ನುಂಗಿದ ಮೇಲೆ ಗಂಟಲಿನಲ್ಲಿ ಏಳುತ್ತದೆ. ಅದು ಕಾಳುಮೆಣಸಿನ ಗುಣ. ಇಲ್ಲಿನ ತೋಟಗಳಲ್ಲಿ ನೆರಳಿಗೆಂದು ಬೆಳೆಸಿದ ಸಿಲ್ವರ್ ಓಕ್ ಮರಗಳಿಗೆ ಮೆಣಸಿನ ಬಳ್ಳಿ ಹಬ್ಬಿಸುತ್ತಾರೆ, ಆದ್ದರಿಂದ ಮೆಣಸು ಹಾಕುವಾಗ ಇವರ ಕೈ ಬಿಗಿಯುವುದಿಲ್ಲ. ಹೊರಗೆ ಮಳೆ ಹೊಡೆಯುತ್ತಿರುವಾಗ ಆ ಸಾರು ಬೆವರು ತರಿಸಿತು. ಮಾಂಸ ತಿನ್ನದವರಿಗೆ ಅಂದು ಕಳಲೆ ಪಲ್ಯ, ಕಾಯಿ ಚಟ್ನಿ, ಕಡುಬಿನ ಮೇಲೆ ತುಪ್ಪ ಇತ್ತು. ಕಾರ್ಯದರ್ಶಿಗಳು ಸಸ್ಯಾಹಾರಿಗಳಾದ್ದರಿಂದ ಅವರ ತಟ್ಟೆಯಿಂದ ಒಂದಿಷ್ಟು ಕಳಲೆ ನನ್ನ ಕಡೆಗೂ ಬಂತು. ಅದರ ಸಣ್ಣ ಕಹಿ ಎಲ್ಲರಿಗೂ ಹಿಡಿಸಲಾರದು, ನನಗೆ ಹಿಡಿಸಿತು. ನಾಲ್ಕು ಕಡುಬು ಮುಗಿಯುವ ಮೊದಲೇ, "ಬಿಸಿ ಇದ್ದಾಗ್ಲೇ ಇನ್ನೆರಡು ಹಾಕ್ಲಾ ಸಾರ್? ಆರಿದ್ರೆ ಚೆನ್ನಾಗಿರಲ್ಲ" ಎಂದು ಆ ತಾಯಿ ಕೇಳಿದ್ದಕ್ಕೆ ನಾನು ಬೇಡವೆನ್ನಲಿಲ್ಲ.

ಕೋಳಿ ಸಾರಿನೊಂದಿಗೆ 160 ರೂಪಾಯಿ, ಕಾಯಿ ಚಟ್ನಿ ಮತ್ತು ಪಲ್ಯದೊಂದಿಗೆ 70. ಎಷ್ಟು ಕಡುಬು ತಿಂದಿರೆಂದು ಎಣಿಸುವುದಿಲ್ಲ. ಬಿಲ್ಲು ಕೊಡುವುದೂ ಇಲ್ಲ. ನನ್ನ ಪುಸ್ತಕದಲ್ಲಿ ಚೀಟಿಯಿಲ್ಲದೆ ಬರೆದಿರುವ ಖರ್ಚು ಇದೊಂದೇ, ಇನ್ನೊಬ್ಬರ ಲೆಕ್ಕದಲ್ಲಿ ಹೀಗಿದ್ದರೆ ನಾನು ಖಂಡಿತ ಆಕ್ಷೇಪಣೆ ಬರೆಯುತ್ತಿದ್ದೆ. ಕೊರತೆಗಳಿಲ್ಲವೆಂದಲ್ಲ. ಕೈ ತೊಳೆಯುವುದಕ್ಕೆ ಹಿತ್ತಲಿಗೆ ಹೋಗಬೇಕು, ಮಳೆಯಲ್ಲಿ ಆ ಹತ್ತು ಹೆಜ್ಜೆಗೂ ಕೊಡೆ ಬೇಕು, ಹಿಂತಿರುಗುವಾಗ ಕಾಲಿನ ಇಂಬಳ (ಜಿಗಣೆ) ನೋಡಿಕೊಳ್ಳಬೇಕು. ಒಲೆಯ ಹೊಗೆ ಗಾಳಿ ಬೀಸಿದ ಕಡೆಗೆ ತಿರುಗುತ್ತದೆ. ನಾಟಿ ಕೋಳಿಯ ಮಾಂಸ ಹದಿನೈದು ದಿನಕ್ಕೊಮ್ಮೆಯಾದರೂ ಹಲ್ಲಿಗೆ ಸವಾಲಾಗುತ್ತದೆ. ಇವಿಷ್ಟನ್ನೂ ಕಳೆದು ನೋಡಿದರೂ, 14 ತಿಂಗಳಲ್ಲಿ ಕೊಟ್ಟ ಹಣಕ್ಕೆ ಹೆಚ್ಚು ಸಿಕ್ಕಿದ್ದು ಇಲ್ಲಿಯೇ.

ಕಾಫಿಯ ವಿಷಯದಲ್ಲಿ ಈ ಪಟ್ಟಣದ ಮೇಲೆ ನನಗೆ ಸ್ವಲ್ಪ ಸಿಟ್ಟಿದೆ. ಸುತ್ತ ಎಲ್ಲಿ ನೋಡಿದರೂ ಕಾಫಿ ಗಿಡ, ದೇಶದ ಕಾಫಿಯಲ್ಲಿ ಹೆಚ್ಚಿನ ಪಾಲು ಕರ್ನಾಟಕದ್ದು, ಆದರೂ ಎಷ್ಟೋ ಹೋಟೆಲುಗಳಲ್ಲಿ ಲೋಟಕ್ಕೆ ಬರುವುದು ಚಿಕೋರಿಯ ಕಷಾಯ. ಕಾಫಿ ಪುಡಿಯಲ್ಲಿ ಶೇಕಡಾ 49ರವರೆಗೆ ಚಿಕೋರಿ ಬೆರೆಸುವುದಕ್ಕೆ ಕಾನೂನಿನ ಅವಕಾಶವಿದೆ, ಪೊಟ್ಟಣದ ಮೇಲೆ ಪ್ರಮಾಣ ಬರೆದಿರಬೇಕು ಅಷ್ಟೆ; ಲೋಟದ ಮೇಲೆ ಬರೆಯುವವರು ಯಾರೂ ಇಲ್ಲ. ಚಿಕೋರಿಯ ಗುರುತು ಸುಲಭ: ಬಣ್ಣ ಕಡುಗಪ್ಪು, ಪರಿಮಳ ಲೋಟದ ಅಂಚು ದಾಟುವುದಿಲ್ಲ, ಕುಡಿದ ಮೇಲೆ ನಾಲಗೆಯ ಹಿಂದೆ ಸಿಹಿಗಹಿ ಉಳಿಯುತ್ತದೆ. ಬಿ.ಎಂ. ರಸ್ತೆಯಲ್ಲೇ ಬೀಜ ಹುರಿದು ಪುಡಿ ಮಾಡಿ ಮಾರುವ ಅಂಗಡಿಯೊಂದರ ಮುಂಗಟ್ಟೆಯಲ್ಲಿ 20 ರೂಪಾಯಿಗೆ ನಿಂತು ಕುಡಿಯುವ ಕಾಫಿ ಒಳ್ಳೆಯದು. ಡಿಕಾಕ್ಷನ್ ಬೆಳಿಗ್ಗೆ ಒಮ್ಮೆ, ಮೂರು ಗಂಟೆಗೆ ಒಮ್ಮೆ ಇಳಿಸುತ್ತಾರೆ. ಎರಡೂವರೆಗೆ ಹೋಗುವ ಬದಲು ಅರ್ಧ ಗಂಟೆ ಕಾದು ಹೋಗಿ.

ವಾಹನವಿದ್ದವರಿಗೆ ಇನ್ನೊಂದು ದಾರಿ ಇದೆ. ಮೂಡಿಗೆರೆ ದಾಟಿ ಚಾರ್ಮಾಡಿ ಘಾಟಿಯ ನೆತ್ತಿಯ ಕೊಟ್ಟಿಗೆಹಾರಕ್ಕೆ ಹೋದರೆ ನೀರುದೋಸೆ ಸಿಗುತ್ತದೆ. ಕರಾವಳಿಯ ಈ ತಿಂಡಿ ಘಾಟಿ ಹತ್ತಿ ಬಂದು, ಧರ್ಮಸ್ಥಳಕ್ಕೆ ಹೋಗಿಬರುವವರ ಬಾಯಲ್ಲಿ ಆ ಊರಿಗೇ ಹೆಸರು ತಂದಿದೆ. ಹೆಸರು ಸುಳ್ಳಲ್ಲ, ಆದರೆ ಶನಿವಾರ, ಭಾನುವಾರ ಕಾಯುವ ಹೊತ್ತು ತಿನ್ನುವ ಹೊತ್ತಿಗಿಂತ ಹೆಚ್ಚು. ನಾನಂತೂ ಇನ್ನು ವಾರದ ನಡುವೆ ಕೆಲಸ ಬಿದ್ದರೆ ಮಾತ್ರ ಹೋಗುವವನು. ಬೇಲೂರಿನ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. 2023ರಲ್ಲಿ ಹೊಯ್ಸಳ ದೇವಾಲಯಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ದೇವಸ್ಥಾನದ ಬೀದಿಯಲ್ಲಿ ಫಲಕಗಳು ಹೆಚ್ಚಾಗಿವೆ, ದರಗಳೂ ಹೆಚ್ಚಾಗಿವೆ, ಅಡುಗೆ ಇದ್ದ ಹಾಗೆಯೇ ಇದೆ.

ರಾತ್ರಿಯ ಊಟಕ್ಕೆ ನನ್ನ ಬಳಿ ಒಳ್ಳೆಯ ಉತ್ತರವಿಲ್ಲ. ಮಳೆಗಾಲದಲ್ಲಿ ಎಂಟೂವರೆಗೆಲ್ಲ ಬಾಗಿಲೆಳೆಯುವ ಊರು ಇದು. ಬೆಳಗಿನ ಹೋಟೆಲಿನಲ್ಲೇ ಎಂಟರೊಳಗೆ ಚಪಾತಿ, ಸಾಗು ಸಿಗುತ್ತದೆ, 55 ರೂಪಾಯಿ. ಅದು ತಪ್ಪಿದರೆ ಬಾಳೆಹಣ್ಣು ಮತ್ತು ಹಾಲು. ಕಳೆದ ತಿಂಗಳ ಲೆಕ್ಕ ತೆಗೆದಾಗ ದಿನಕ್ಕೆ ಸರಾಸರಿ 236 ರೂಪಾಯಿ ಬಂತು, ಅದರಲ್ಲಿ ಎರಡು ದಿನದ ಕಡುಬು, ಕೋಳಿ ಸಾರು ಸೇರಿದೆ.

ಕಡುಬಿನ ಮನೆಗೆ ಹೋಗುವವರು ಬೆಳಿಗ್ಗೆ ಹತ್ತರೊಳಗೆ ಎಷ್ಟು ಜನವೆಂದು ತಿಳಿಸಬೇಕು; ಯಾವ ಹೋಬಳಿಯೆಂದು ಪಟ್ಟಣದಲ್ಲಿ ಸೊಸೈಟಿಯವರನ್ನು ಕೇಳಿದರೆ ಹೇಳುತ್ತಾರೆ. ನವೆಂಬರಿನಿಂದ ಕಾಫಿ ಕೊಯ್ಲು ಶುರುವಾದ ಮೇಲೆ ಮನೆಯವರೆಲ್ಲ ಹಣ್ಣು ಬಿಡಿಸುವುದಕ್ಕೆ ತೋಟಕ್ಕೆ ಹೋಗುವುದರಿಂದ ವಾರದಲ್ಲಿ ಮೂರು ದಿನ ಒಲೆ ಹೊತ್ತುವುದಿಲ್ಲ. ಫೋನ್‌ಪೇ ಹಲಗೆಯೊಂದು ಗೋಡೆಯ ಮೇಲಿದೆ, ಆದರೆ ಸಿಗ್ನಲ್ ಸಿಗಬೇಕಾದರೆ ಎದುರಿನ ದಿಬ್ಬ ಹತ್ತಬೇಕು. ಚಿಲ್ಲರೆ ಇಟ್ಟುಕೊಂಡು ಹೋಗಿ.